ದುಡ್ಡು ಕೊಟ್ಟವರದೇ ಸಾಫ್ಟ್‌ವೇರ್?

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿಯಲ್ಲಿ ಖೇಣಿ ವ್ಯವಹಾರ ಗೊತ್ತಿಲ್ಲದವರು ಸಿಗುವುದು ಕಷ್ಟ. ಕೊಯ್ಲಿಗೆ ಮುಂಚೆ ಖೇಣಿದಾರ ತೋಟದೊಳಗೆ ಒಂದು ಸುತ್ತು ಹಾಕುತ್ತಾನೆ, ತಲೆಯೆತ್ತಿ ಗೊನೆ ನೋಡುತ್ತಾನೆ, ಹಸಿ ಅಡಿಕೆಗೆ ಕ್ವಿಂಟಲಿಗೆ ಇಷ್ಟು ಎಂದು ಮಾತಾಗುತ್ತದೆ, ಮುಂಗಡ ಕೈ ಸೇರುತ್ತದೆ. ಆ ವರ್ಷದ ಫಸಲು ಅವನದು. ತೋಟ ಮಾತ್ರ ತೋಟದವರದೇ. ಲಕ್ಷಗಟ್ಟಲೆ ಎಣಿಸಿದ್ದೇನೆ, ಪಹಣಿಯಲ್ಲಿ ನನ್ನ ಹೆಸರು ಸೇರಿಸಿ ಎಂದು ಯಾವ ಖೇಣಿದಾರನೂ ನಾಡಕಚೇರಿ ಮೆಟ್ಟಿಲು ಹತ್ತುವುದಿಲ್ಲ. ಮಾತಾಗದಿದ್ದರೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೂ ಕೈ ಹಾಕುವಂತಿಲ್ಲ.

ಇದೇ ಸೀಮೆಯ ಜನ ಸಾಫ್ಟ್‌ವೇರ್ ಮಾಡಿಸುವಾಗ ಮಾತ್ರ ಈ ವಿವೇಕ ಎಲ್ಲೋ ಜಾರಿಹೋಗುತ್ತದೆ. ಮಾಡಿಸಿದವರು ತೋಟವನ್ನೇ ಕೊಂಡೆವೆಂದು ತಿಳಿಯುತ್ತಾರೆ, ಮಾಡಿಕೊಟ್ಟವರು ಫಸಲನ್ನಷ್ಟೇ ಕೊಟ್ಟೆವೆಂದು ತಿಳಿಯುತ್ತಾರೆ. ಮುಂಗಡ ಕೊಡುವ ದಿನ ಆ ಪ್ರಶ್ನೆ ಏಳುವುದೇ ಇಲ್ಲವಾದ್ದರಿಂದ ಇಬ್ಬರೂ ಕಾಫಿ ಕುಡಿದು ನಗುನಗುತ್ತ ಏಳುತ್ತಾರೆ.

ಒಂದು ಪ್ರಸಂಗ ಇಟ್ಟುಕೊಳ್ಳೋಣ. ಉಬ್ರಾಣಿ ಕಡೆಯ ಹುಡುಗನೊಬ್ಬ ದಾವಣಗೆರೆಯಲ್ಲಿ ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಕೆಲ ವರ್ಷ ದುಡಿದು, ಕೋವಿಡ್ ಕಾಲದಲ್ಲಿ ಊರಿಗೆ ಬಂದವನು ಅಲ್ಲೇ ಉಳಿದಿದ್ದಾನೆ. ಫ್ರೀಲ್ಯಾನ್ಸ್ ಕೆಲಸ ಹಿಡಿದು ಹೊರಗಿನವರಿಗೆ ಕೋಡ್ ಬರೆದುಕೊಡುತ್ತಾನೆ. ಪರಿಚಯದ ಖೇಣಿದಾರರೊಬ್ಬರು ಬಂದು, ಪುಸ್ತಕದಲ್ಲಿ ಬರೆದು ಬರೆದು ಸಾಕಾಗಿದೆ, ನಮಗೊಂದು ಸಾಫ್ಟ್‌ವೇರ್ ಮಾಡಿಕೊಡು ಎನ್ನುತ್ತಾರೆ. ನಲವತ್ತು ಸಾವಿರಕ್ಕೆ ಮಾತಾಗುತ್ತದೆ. ಹುಡುಗ ಅವರ ಕಣದ ಪಕ್ಕದ ಕೋಣೆಯಲ್ಲಿ ಕೂತು, ಕೇಳಿ, ಬರೆದು, ಅಳಿಸಿ, ಮತ್ತೆ ಬರೆದು ಕೊಡುತ್ತಾನೆ. ಯಾವ ತೋಟದಿಂದ ಎಷ್ಟನೇ ಕೊಯ್ಲಿಗೆ ಎಷ್ಟು ಹಸಿ ಅಡಿಕೆ ಬಂತು, ಸುಲಿದು ಬೇಯಿಸಿ ಒಣಗಿಸಿದ ಮೇಲೆ ರಾಶಿ ಎಷ್ಟು ಇಳಿಯಿತು, ಗೊರಬಲು ಎಷ್ಟು, ಸುಲಿಯುವವರ ಬಟವಾಡೆ ಎಷ್ಟಾಯಿತು, ತೋಟದವರಿಗೆ ಕೊಟ್ಟ ಮುಂಗಡದಲ್ಲಿ ಬಾಕಿ ಎಷ್ಟು, ಚನ್ನಗಿರಿ ಮಾರುಕಟ್ಟೆಯಲ್ಲಿ ಇವತ್ತು ದರ ಏನು, ಎಲ್ಲವೂ ಒಂದೇ ತೆರೆಯ ಮೇಲೆ. ಖೇಣಿದಾರರಿಗೆ ಪರಮ ಸಂತೋಷ. ಮರುವರ್ಷ ಅದೇ ಸಾಫ್ಟ್‌ವೇರ್ ಹೊನ್ನಾಳಿಯ ಇನ್ನೊಬ್ಬ ಖೇಣಿದಾರರ ಕಂಪ್ಯೂಟರಿನಲ್ಲಿ ಕಾಣಿಸಿಕೊಳ್ಳುತ್ತದೆ.

“ತಮ್ಮಾ, ದುಡ್ಡು ಕೊಟ್ಟೋನು ನಾನು, ಲೆಕ್ಕ ಹೆಂಗೆ ಹಾಕ್ಬೇಕು ಅಂತ ಹೇಳ್ಕೊಟ್ಟೋನೂ ನಾನು. ಅದನ್ನೇ ಹೊನ್ನಾಳಿಯೋರಿಗೆ ಮಾರ್ತೀಯಲ್ಲೋ?”

“ಅಣ್ಣಾ, ನಿಮ್ಮ ಲೆಕ್ಕ ನಿಮ್ಮ ಕಂಪ್ಯೂಟರಲ್ಲೇ ಐತೆ. ನಾನು ಅವರಿಗೆ ಕೊಟ್ಟಿದ್ದು ನಾನು ಬರ್ದಿದ್ದನ್ನ.”

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಕಾನೂನಿನ ಮುಂದೆ ಇಬ್ಬರ ತೂಕ ಒಂದೇ ಅಲ್ಲ.

ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ಕಂಪ್ಯೂಟರ್ ಪ್ರೋಗ್ರಾಂ 1984ರ ತಿದ್ದುಪಡಿಯಲ್ಲಿ ಅದರೊಳಗೆ ಬಂತು, ಅದೂ ಸಾಹಿತ್ಯ ಕೃತಿಯ ಸಾಲಿನಲ್ಲಿ. ಅಂದರೆ ಕಾದಂಬರಿಗೆ ಇರುವ ರಕ್ಷಣೆಯೇ ಅಡಿಕೆ ಲೆಕ್ಕದ ಕೋಡಿಗೂ ಇದೆ. ಬರೆದವರ ಆಯುಷ್ಯ, ಆಮೇಲೆ 60 ವರ್ಷ. ಸೆಕ್ಷನ್ 17ರ ಪ್ರಕಾರ ಕೃತಿಯ ಮೊದಲ ಒಡೆತನ ಬರೆದವರದು. ಇದಕ್ಕೆ ಅಪವಾದಗಳಿವೆ. ನೌಕರಿಯಲ್ಲಿದ್ದು ಆ ನೌಕರಿಯ ಭಾಗವಾಗಿ ಬರೆದರೆ ಒಡೆತನ ಮಾಲೀಕರದು. ದುಡ್ಡು ಕೊಟ್ಟು ಫೋಟೊ ತೆಗೆಸಿದರೆ, ಭಾವಚಿತ್ರ ಬರೆಸಿದರೆ, ಸಿನಿಮಾ ಮಾಡಿಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಒಡೆತನ ಮಾಡಿಸಿದವರದು. ಹಾಗಾಗಿ ಚನ್ನಗಿರಿಯ ಕಲ್ಯಾಣ ಮಂಟಪದಲ್ಲಿ ಮದುವೆ ಫೋಟೊ ತೆಗೆಸಿದವರು ಆ ಫೋಟೊಗಳ ಒಡೆಯರು. ಸಾಫ್ಟ್‌ವೇರ್ ಮಾಡಿಸಿದವರು ಒಡೆಯರಲ್ಲ, ಏಕೆಂದರೆ ಆ ಪಟ್ಟಿಯಲ್ಲಿ ಸಾಫ್ಟ್‌ವೇರ್ ಇಲ್ಲ. ‘ದುಡ್ಡು ಕೊಟ್ಟವರದೇ ವಸ್ತು’ ಎಂಬ ಲೋಕರೂಢಿಗೆ ಈ ಒಂದು ಕಡೆ ಕಾನೂನು ತಲೆಬಾಗಿಲ್ಲ.

ಒಡೆತನ ವರ್ಗವಾಗಬೇಕಾದರೆ ಸೆಕ್ಷನ್ 19 ಕೇಳುವುದು ಬರವಣಿಗೆ ಮತ್ತು ಸಹಿ. ಬಾಯಿಮಾತಿನ ಕರಾರು ನಮ್ಮಲ್ಲಿ ಊರ್ಜಿತವೇ. ಮಾಡಿಕೊಟ್ಟ ಕೆಲಸಕ್ಕೆ ದುಡ್ಡು ಕೊಡಿಸಿಕೊಳ್ಳಲು ಅದು ಸಾಕು. ಕೃತಿಸ್ವಾಮ್ಯ ಕೈ ಬದಲಿಸಲು ಸಾಲದು. ಪ್ರತಿ ಬೇರೆ, ಪ್ರತಿಯೊಳಗಿನ ಕೃತಿಯ ಹಕ್ಕು ಬೇರೆ ಎಂಬುದನ್ನು ಸುಪ್ರೀಂ ಕೋರ್ಟ್ 2021ರ ಮಾರ್ಚ್ 2ರಂದು ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸೆಲೆನ್ಸ್ ಪ್ರಕರಣದಲ್ಲಿ ವಿಸ್ತಾರವಾಗಿ ಹೇಳಿತು. ಅದು ಹೊರದೇಶದ ಸಾಫ್ಟ್‌ವೇರ್ ಕೊಂಡವರ ಆದಾಯ ತೆರಿಗೆಯ ವ್ಯಾಜ್ಯ. 2011ರಲ್ಲಿ ಕರ್ನಾಟಕ ಹೈಕೋರ್ಟ್ ತೆಗೆದುಕೊಂಡಿದ್ದ ನಿಲುವು ಅಲ್ಲಿ ಬಿದ್ದುಹೋಯಿತು. ತೆರಿಗೆಯ ಮಾತು ನಮಗೆ ಬೇಡ, ಒಳಗಿನ ತತ್ವ ಬೇಕು. ಪ್ರತಿ ಕೊಂಡವನಿಗೆ ಬಳಸುವ ಅನುಮತಿ ಸಿಗುತ್ತದೆ, ಕೃತಿಸ್ವಾಮ್ಯ ಅದರ ಬೆನ್ನಿಗೆ ಬರುವುದಿಲ್ಲ.

ಒಂದು ತಕರಾರು ಇಲ್ಲೇ ಏಳಬಹುದು. ಫ್ರೀಲ್ಯಾನ್ಸ್ ಎಂದು ಕರೆದುಕೊಂಡ ಮಾತ್ರಕ್ಕೆ ನೌಕರನಲ್ಲ ಎನ್ನಲಾದೀತೆ? ಆಗದು. ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಎಂಬ ದರ್ಜಿ ಅಂಗಡಿಯ ಪ್ರಕರಣದಲ್ಲಿ, ಬಟ್ಟೆಗಿಷ್ಟು ಎಂದು ಕೂಲಿ ಪಡೆಯುತ್ತಿದ್ದವರನ್ನೂ ಸುಪ್ರೀಂ ಕೋರ್ಟ್ 1973ರಲ್ಲಿ ನೌಕರರೆಂದೇ ಎಣಿಸಿತು. ಹೊಲಿಗೆ ಯಂತ್ರ ಅಂಗಡಿಯದು, ಹೊಲಿದದ್ದು ಸರಿಯಿಲ್ಲವೆಂದು ತಿರಸ್ಕರಿಸುವ ಅಧಿಕಾರವೂ ಅಂಗಡಿಯದು. ನಮ್ಮ ಹುಡುಗ ದಿನಾ ಖೇಣಿದಾರರ ಕಚೇರಿಗೆ ಹೋಗಿ, ಅವರ ಕಂಪ್ಯೂಟರಿನಲ್ಲೇ, ಅವರು ಹೇಳಿದ ಹೊತ್ತಿಗೆ, ತಿಂಗಳ ಸಂಬಳದಂತೆ ಹಣ ಪಡೆದು ವರ್ಷಗಟ್ಟಲೆ ಬರೆದಿದ್ದರೆ ಅವನ ವಾದ ಸಡಿಲವಾಗುತ್ತಿತ್ತು. ತನ್ನ ಲ್ಯಾಪ್‌ಟಾಪಿನಲ್ಲಿ, ತನ್ನ ಪುರುಸೊತ್ತಿನಲ್ಲಿ, ಒಂದು ಕೆಲಸಕ್ಕೆ ಒಂದು ಮೊತ್ತ ಎಂದು ಮಾಡಿದವನ ವಾದ ಗಟ್ಟಿ.

ಇದು ಬರೀ ತಾಂತ್ರಿಕ ಗೆಲುವು, ನ್ಯಾಯ ಖೇಣಿದಾರರ ಕಡೆಗಿದೆ ಎನ್ನುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಕಾರಣ ಹೇಳಲು ಬೆಂಗಳೂರಿಗೆ ಹೋಗಬೇಕು. 1980ರ ದಶಕದಲ್ಲಿ ಅಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಎಂಬ ವ್ಯಾಪಾರಿ ಗಿರಣಿಗಳಿಗೆ ಕಚ್ಚಾವಸ್ತು, ಬಿಡಿಭಾಗ ಪೂರೈಸುತ್ತಿದ್ದರು. ತಮ್ಮ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗದೆ, ಮಗ ಭರತ್ ಗೋಯೆಂಕಾಗೆ ಒಂದು ಮಾಡಿಕೊಡು ಎಂದರು. ಮಗ ಮಾಡಿಕೊಟ್ಟದ್ದನ್ನು ಅಪ್ಪ-ಮಕ್ಕಳು 1986ರಲ್ಲಿ ಪ್ಯೂಟ್ರಾನಿಕ್ಸ್ ಹೆಸರಿನ ಕಂಪನಿ ಕಟ್ಟಿ ಮಾರಾಟಕ್ಕೆ ತಂದರು. ಅದೇ ಮುಂದೆ ಟ್ಯಾಲಿ ಆಯಿತು. ಇವತ್ತು ಚನ್ನಗಿರಿಯ ಮಂಡಿಯಲ್ಲಿ, ನ್ಯಾಮತಿಯ ಗೊಬ್ಬರದಂಗಡಿಯಲ್ಲಿ, ಜಗಳೂರಿನ ಆಡಿಟರ್ ಕಚೇರಿಯಲ್ಲಿ ಕೇಳಿಬರುವ ಹೆಸರು ಅದು. ಆ ಮೊದಲ ಗಿರಾಕಿ ಅಪ್ಪನಾಗಿರದೆ, ‘ಸಕಲ ಹಕ್ಕುಗಳೂ ನನ್ನವು’ ಎಂದು ಬರೆಸಿಕೊಂಡ ಯಾರೋ ವ್ಯಾಪಾರಿಯಾಗಿದ್ದರೆ ಆ ಪ್ರೋಗ್ರಾಂ ಅವರ ಗೋದಾಮಿನ ಕಂಪ್ಯೂಟರಿನಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತಿತ್ತು. ಖೇಣಿದಾರರಿಗೆ ಸಾಫ್ಟ್‌ವೇರ್ ಮಾರುವ ಕಸುಬಿಲ್ಲ. ಒಡೆತನ ಅವರ ಕೈಗೆ ಹೋದರೆ ಅವರಿಗೆ ಹೆಚ್ಚಾಗಿ ದಕ್ಕುವುದು ಹೊನ್ನಾಳಿಯವರಿಗೆ ಸಿಗದಂತೆ ತಡೆಯುವ ಸುಖ ಮಾತ್ರ. ತೋಟವನ್ನು ಒಂದೇ ವರ್ಷ ಇಬ್ಬರಿಗೆ ಖೇಣಿ ಕೊಟ್ಟರೆ ಮೋಸ, ಏಕೆಂದರೆ ಗೊನೆ ಒಂದೇ. ಕೋಡನ್ನು ಹತ್ತು ಜನರಿಗೆ ಕೊಟ್ಟರೂ ಮೊದಲನೆಯವರ ಪಾಲು ಒಂದು ಕಾಳೂ ಕಡಿಮೆಯಾಗುವುದಿಲ್ಲ.

ಕಡಿಮೆಯಾಗಬಹುದಾದದ್ದು ಒಂದಿದೆ, ಅವರ ಮುನ್ನಡೆ. ತಾವು ವರ್ಷಗಟ್ಟಲೆ ಕೈ ಸುಟ್ಟುಕೊಂಡು ಕಲಿತ ಲೆಕ್ಕಾಚಾರ ಎದುರಾಳಿಗೆ ಪುಕ್ಕಟೆ ಸಿಕ್ಕಿತಲ್ಲ ಎಂಬ ಸಂಕಟ ಸುಳ್ಳಲ್ಲ. ಯಾವ ತೋಟದ ಅಡಿಕೆ ಎಷ್ಟು ಇಳಿಯುತ್ತದೆ, ಯಾರಿಗೆ ಎಷ್ಟು ಮುಂಗಡ ಕೊಟ್ಟಿದ್ದೇವೆ ಎಂಬುದು ಅವರ ವ್ಯಾಪಾರದ ಗುಟ್ಟು. ಅದನ್ನು ಹುಡುಗ ಹೊನ್ನಾಳಿಗೆ ಒಯ್ದರೆ ದ್ರೋಹ, ಇದರಲ್ಲಿ ಎರಡು ಮಾತಿಲ್ಲ. ಆದರೆ ಹಸಿ ತೂಕದಿಂದ ಒಣ ತೂಕಕ್ಕೆ ಹೋಗುವ ವಿಧಾನವನ್ನು ಯಾರೂ ಗುತ್ತಿಗೆ ಹಿಡಿದಿಲ್ಲ. ಆಲೋಚನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಅಭಿವ್ಯಕ್ತಿಸಿದ ರೂಪಕ್ಕೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ, ಆರ್.ಜಿ. ಆನಂದ್ ಎಂಬ ನಾಟಕಕಾರರ ಪ್ರಕರಣದಲ್ಲಿ ಹೇಳಿದೆ. ಆ ಮಾತು ಎರಡೂ ಕಡೆ ಹರಿತ. ಖೇಣಿದಾರರು ಕೋಡಿನ ಒಡೆತನ ಬರೆಸಿಕೊಂಡಿದ್ದರೂ ಹುಡುಗ ಹೊಸದಾಗಿ ಕೂತು ಅದೇ ಕೆಲಸದ ಬೇರೆ ಕೋಡ್ ಬರೆಯಬಹುದು. ಖೇಣಿದಾರರೂ ಇನ್ನೊಬ್ಬರನ್ನು ಹಿಡಿದು ಅಂಥದ್ದೇ ಇನ್ನೊಂದು ಮಾಡಿಸಬಹುದು. ಎರಡು ಕೊಯ್ಲು ಮುಗಿಯುವವರೆಗೆ ಈ ಜಿಲ್ಲೆಯಲ್ಲಿ ಬೇರೆಯವರಿಗೆ ಕೊಡಬೇಡ ಎಂದು ಮೊದಲೇ ಕೇಳಿ, ಅದಕ್ಕೆ ಹೆಚ್ಚಿಗೆ ದುಡ್ಡು ಕೊಟ್ಟಿದ್ದರೆ ಅವರ ಸಂಕಟಕ್ಕೆ ಮದ್ದು ಅಲ್ಲೇ ಇತ್ತು.

‘ಸಕಲ ಹಕ್ಕುಗಳೂ’ ಎಂಬ ಬರಹಕ್ಕೆ ಇನ್ನೊಂದು ತೊಡಕಿದೆ, ಪ್ರಾಮಾಣಿಕ ಪ್ರೋಗ್ರಾಮರ್ ಅದಕ್ಕೆ ಸಹಿ ಹಾಕುವಂತೆಯೇ ಇಲ್ಲ. ಇವತ್ತಿನ ಯಾವ ಸಾಫ್ಟ್‌ವೇರನ್ನೂ ಒಬ್ಬರೇ ಬುಡದಿಂದ ಬರೆಯುವುದಿಲ್ಲ. ಬೇರೆಯವರು ಬರೆದು ಲೋಕಕ್ಕೆ ಬಿಟ್ಟ ಮುಕ್ತ ತಂತ್ರಾಂಶದ ತುಣುಕುಗಳ ಮೇಲೆ ತನ್ನದೊಂದಿಷ್ಟು ಕಟ್ಟುವುದೇ ಕಸುಬು. ಮುಂಬೈಯಲ್ಲಿ ಹುಟ್ಟಿದ ಇಆರ್‌ಪಿನೆಕ್ಸ್ಟ್ ಎಂಬ ಮುಕ್ತ ತಂತ್ರಾಂಶವನ್ನು ತೆಗೆದುಕೊಂಡು ಅಡಿಕೆ ಮಂಡಿಗೆ ಹೊಂದಿಸಿಕೊಟ್ಟರೆ, ಅದರ ಬಹುಪಾಲು ಕೋಡ್ ಜಿಪಿಎಲ್ ಪರವಾನಗಿಯಡಿ ಇರುತ್ತದೆ. ರಿಚರ್ಡ್ ಸ್ಟಾಲ್ಮನ್ 1989ರಲ್ಲಿ ರೂಪಿಸಿದ ಆ ಪರವಾನಗಿಯ ಷರತ್ತು ಪಡೆದವರನ್ನೆಲ್ಲ ಕಟ್ಟಿಹಾಕುತ್ತದೆ. ತನ್ನದಲ್ಲದ್ದನ್ನು ತನ್ನದೆಂದು ಹುಡುಗ ಯಾರಿಗೂ ಬರೆದುಕೊಡಲಾರ. ಉಳಿದದ್ದರಲ್ಲೂ ಒಂದು ಪಾಲು ಅವನು ಹಿಂದಿನ ಕೆಲಸಗಳಲ್ಲಿ ಮಾಡಿಟ್ಟುಕೊಂಡ ಸಲಕರಣೆ: ಲಾಗಿನ್ ಮಾಡಿಸುವುದು, ಕನ್ನಡದಲ್ಲಿ ರಸೀದಿ ಮುದ್ರಿಸುವುದು, ಬ್ಯಾಕಪ್ ತೆಗೆಯುವುದು. ಅದನ್ನು ಒಬ್ಬ ಗಿರಾಕಿಗೆ ಮಾರಿದರೆ ಮುಂದಿನ ಗಿರಾಕಿಯ ಮನೆಗೆ ಬರಿಗೈಲಿ ಹೋಗಬೇಕು. ಈಗೀಗ ಎಐ ಬರೆದುಕೊಟ್ಟ ಕೋಡೂ ನಡುವೆ ಸೇರಿಕೊಂಡಿರುತ್ತದೆ. ಕಂಪ್ಯೂಟರ್ ಸೃಷ್ಟಿಸಿದ ಕೃತಿಗೆ, ಅದನ್ನು ಸೃಷ್ಟಿಸಲು ಕಾರಣರಾದವರೇ ಕರ್ತೃ ಎಂದು ನಮ್ಮ ಕಾಯ್ದೆ ಹೇಳುತ್ತದೆ. ಆ ಮಾತು ಬರೆದಾಗ ಇಂದಿನ ಎಐ ಯಾರ ಕನಸಿನಲ್ಲೂ ಇರಲಿಲ್ಲ. ಅದು ಬೇರೆಯೇ ಲೇಖನಕ್ಕೆ ಆಗುವಷ್ಟಿದೆ.

ಹುಡುಗನ ಪರ ಇಷ್ಟು ಹೇಳಿದ ಮೇಲೆ ಖೇಣಿದಾರರ ಪರವೂ ಹೇಳಬೇಕು, ಏಕೆಂದರೆ ಕಾನೂನು ಅವರಿಗೆ ಕೊಟ್ಟದ್ದು ಅರ್ಧ ಮಾತ್ರ. ಸೆಕ್ಷನ್ 52ರಲ್ಲಿ 1994ರ ತಿದ್ದುಪಡಿ ಒಂದು ಉಪಕಾರ ಮಾಡಿದೆ. ಪ್ರತಿಯನ್ನು ನ್ಯಾಯವಾಗಿ ಪಡೆದವರು ಯಾವ ಉದ್ದೇಶಕ್ಕೆ ಪಡೆದರೋ ಆ ಉದ್ದೇಶಕ್ಕೆ ಅದನ್ನು ನಕಲು ಮಾಡಿಕೊಳ್ಳಬಹುದು, ಬೇಕಾದಂತೆ ಮಾರ್ಪಡಿಸಿಕೊಳ್ಳಬಹುದು, ಬ್ಯಾಕಪ್ ಇಟ್ಟುಕೊಳ್ಳಬಹುದು. ಇದಕ್ಕೆ ಬರೆದವರ ಅಪ್ಪಣೆ ಬೇಡ. ಆದರೆ ಮಾರ್ಪಡಿಸಲು ಸೋರ್ಸ್ ಕೋಡ್ ಬೇಕಲ್ಲ? ಅದನ್ನು ಗಿರಾಕಿಗೆ ಕೊಡಲೇಬೇಕೆಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಖೇಣಿದಾರರ ಕಂಪ್ಯೂಟರಿನಲ್ಲಿರುವುದು ಓಡುವ ಪ್ರೋಗ್ರಾಂ. ಅದನ್ನು ಓದಿ ತಿದ್ದುವ ರೂಪ ಹುಡುಗನ ಲ್ಯಾಪ್‌ಟಾಪಿನಲ್ಲಿದೆ. ಅವನು ಕೆನಡಾಕ್ಕೆ ಹೋದನೆಂದುಕೊಳ್ಳಿ, ಫೋನ್ ಎತ್ತುತ್ತಿಲ್ಲ. ಇಲ್ಲಿ ಹೊಸ ತೆರಿಗೆಯ ಕಾಲಂ ಒಂದನ್ನು ಸೇರಿಸಬೇಕು. ಹಕ್ಕಿದೆ, ಉಪಯೋಗವಿಲ್ಲ.

ಅಮೆರಿಕದಲ್ಲಿ ಇಂಥದ್ದೇ ಒಂದು ವ್ಯಾಜ್ಯ ನಡೆದು ಎರಡು ಘಟ್ಟಗಳಲ್ಲಿ ತೀರ್ಮಾನವಾಯಿತು. ಈಜುಕೊಳದ ಸಾಮಾನು ಮಾರುವ ಐಲ್ಯಾಂಡ್ ಎಂಬ ಕಂಪನಿಗೆ ಏಮ್ಸ್ ಎಂಬ ಪ್ರೋಗ್ರಾಮರ್ 1980ರಿಂದ 1982ರವರೆಗೆ ದಾಸ್ತಾನು, ಮಾರಾಟ, ಖರೀದಿಯ ಲೆಕ್ಕ ನೋಡುವ ಪ್ರೋಗ್ರಾಂ ಬರೆದುಕೊಟ್ಟ. ಮಾಲೀಕ ಬೊನೆಲ್ಲಿ ಏನು ಬೇಕೆಂದು ಹೇಳುತ್ತಿದ್ದ, ಏಮ್ಸ್ ಬರೆಯುತ್ತಿದ್ದ. ಬರಹದ ಒಪ್ಪಂದ ಇರಲಿಲ್ಲ. ಕೆಲಸದ ಹೊತ್ತು ಕಡಿತ ಮಾಡಿದ್ದಕ್ಕೆ ಏಮ್ಸ್ ಬಿಟ್ಟು ಹೊರಟ, ಬಾಕಿ ಹಣದ ತಕರಾರೂ ಹುಟ್ಟಿತು. ಕೆಳಗಿನ ನ್ಯಾಯಾಲಯ ಪ್ರೋಗ್ರಾಂ ಕಂಪನಿಯದೆಂದಿತು. 1992ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ಕಂಪನಿ ಏಮ್ಸ್‌ಗೆ ನೌಕರರ ಸವಲತ್ತು ಯಾವುದನ್ನೂ ಕೊಟ್ಟಿಲ್ಲ, ಸಂಬಳದಲ್ಲಿ ತೆರಿಗೆ ಹಿಡಿದಿಲ್ಲ; ಖರ್ಚು ಉಳಿಸಲು ಹೊರಗಿನವನು ಎಂದವರು ಒಡೆತನ ಬಂದಾಗ ನಮ್ಮ ನೌಕರ ಎನ್ನುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಕತೆ ಅಲ್ಲಿಗೆ ನಿಲ್ಲಲಿಲ್ಲ. ತಾನು ಒಡೆಯನಾದ ಮೇಲೆ ಕಂಪನಿ ನನ್ನ ಪ್ರೋಗ್ರಾಮನ್ನು ಬದಲಿಸಿಕೊಂಡದ್ದು ತಪ್ಪು ಎಂದು ಏಮ್ಸ್ ಪಟ್ಟು ಹಿಡಿದ. 1995ರಲ್ಲಿ ಅದೇ ಮೇಲ್ಮನವಿ ನ್ಯಾಯಾಲಯ, ತನ್ನ ಒಳಬಳಕೆಗೆ ಹೊಂದಿಸಿಕೊಳ್ಳಲು ಕಂಪನಿಗೆ ಹಕ್ಕಿದೆ ಎಂದು ಅವನ ವಾದ ತಳ್ಳಿಹಾಕಿತು. ಒಡೆತನ ಬರೆದವನಿಗೆ, ಬಳಸುವ ಮತ್ತು ತಿದ್ದಿಕೊಳ್ಳುವ ಸ್ವಾತಂತ್ರ್ಯ ದುಡ್ಡು ಕೊಟ್ಟವರಿಗೆ. ಉಬ್ರಾಣಿಯ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಪಂಚಾಯಿತಿ ನನಗೆ ಕಾಣುವುದಿಲ್ಲ. ನಮ್ಮ ಕಾಯ್ದೆಯೂ ಹತ್ತಿರ ಹತ್ತಿರ ಅಲ್ಲಿಗೇ ಬಂದು, ಸೋರ್ಸ್ ಕೋಡ್ ಎಂಬ ಬೀಗದ ಕೈಯನ್ನು ಕೊಡಲು ಮರೆತಿದೆ.

ದತ್ತಾಂಶದ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಬಾಕಿ ಕೊಡದಿದ್ದರೆ ದೂರದಿಂದಲೇ ಸಾಫ್ಟ್‌ವೇರ್ ನಿಲ್ಲಿಸಿಬಿಡುತ್ತೇನೆ ಎಂಬ ಜಾಣತನ ಕೆಲವರಿಗಿದೆ. ಕೋಡಿನೊಳಗೇ ತಾರೀಖಿನ ಬೀಗ ಇಟ್ಟಿರುತ್ತಾರೆ. ಬಾಕಿ ನಿಜವೇ ಇರಬಹುದು, ಅದಕ್ಕೆ ನೋಟಿಸು, ಕೋರ್ಟು ಇವೆ. ಇನ್ನೊಬ್ಬರ ಕಂಪ್ಯೂಟರಿನ ಕೆಲಸವನ್ನು ಅವರ ಅಪ್ಪಣೆಯಿಲ್ಲದೆ ಕೆಡಿಸುವುದು, ಅವರಿಗೇ ಪ್ರವೇಶ ತಪ್ಪಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 43ರಲ್ಲಿ ಬರುತ್ತದೆ. ದುರುದ್ದೇಶವಿದ್ದರೆ ಸೆಕ್ಷನ್ 66ರಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಇನ್ನೂರು ತೋಟದವರ ಮುಂಗಡದ ಲೆಕ್ಕ ಅದರೊಳಗಿದೆ. ಆ ಇನ್ನೂರು ಮನೆಯವರಿಗೂ ಈ ಜಗಳಕ್ಕೂ ಏನು ಸಂಬಂಧ?

ಇದು ಖಾಸಗಿ ವ್ಯಾಪಾರಿಗಳ ಚಿಂತೆಯಷ್ಟೇ ಅಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸಲು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಆಗಿನ ಗುರಿ 63,000 ಸಂಘಗಳು, ನಬಾರ್ಡ್ ಉಸ್ತುವಾರಿಯಲ್ಲಿ ಎಲ್ಲರಿಗೂ ಒಂದೇ ಸಾಫ್ಟ್‌ವೇರ್. ಅಷ್ಟರೊಳಗೆ ಸ್ಥಳೀಯವಾಗಿ ಸಾಫ್ಟ್‌ವೇರ್ ಮಾಡಿಸಿಕೊಂಡಿದ್ದ ಸಂಘಗಳು ಹಳೆಯ ಲೆಕ್ಕವನ್ನು ಹೊಸದಕ್ಕೆ ಸಾಗಿಸಬೇಕು. ಅಲ್ಲಿ ಕೋಡಿನ ಒಡೆತನ ಯಾರದು ಎಂಬ ಪ್ರಶ್ನೆಗೆ ಬೆಲೆಯೇ ಇಲ್ಲ. ರೈತರ ಷೇರು, ಸಾಲ, ಠೇವಣಿಯ ವಿವರ ಬೇರೆ ಸಾಫ್ಟ್‌ವೇರ್ ಓದಬಲ್ಲ ರೂಪದಲ್ಲಿ ಹೊರಬರುತ್ತದೆಯೇ ಎಂಬುದೇ ಪ್ರಶ್ನೆ.

ಹುಡುಗ ಇನ್ನೊಂದು ದಿಕ್ಕಿಗೆ ತಿರುಗಿದಾಗ ಬಲಾಬಲ ತಲೆಕೆಳಗಾಗುತ್ತದೆ ಎಂಬುದನ್ನೂ ನೋಡಬೇಕು. ಖೇಣಿದಾರರ ಮುಂದೆ ಬಲ್ಲವನು ಅವನು. ಹೊರದೇಶದ ಗಿರಾಕಿಯ ಮುಂದೆ ಹತ್ತಾರು ಪುಟದ ಕರಾರನ್ನು ಓದದೆ ಒಪ್ಪಿಗೆ ಒತ್ತುವವನೂ ಅವನೇ. ಅಲ್ಲಿ ಬರವಣಿಗೆ ಇದ್ದೇ ಇರುತ್ತದೆ, ಹಕ್ಕೆಲ್ಲ ಗಿರಾಕಿಯದೆಂದು ಅದರಲ್ಲಿ ಬರೆದೂ ಇರುತ್ತದೆ. ಗಿರಾಕಿ ಕೊಡುವ ದರ ಒಪ್ಪಿಗೆಯಾದರೆ ಮಾರಲಿ, ತಪ್ಪೇನಿಲ್ಲ. ಹಣ ಪೂರ್ತಿ ಬಂದ ಮೇಲೆಯೇ ಹಕ್ಕು ವರ್ಗ, ಮೊದಲೇ ನನ್ನ ಬಳಿ ಇದ್ದ ಕೋಡಿಗೆ ಬಳಸುವ ಅನುಮತಿ ಮಾತ್ರ ಎಂಬ ಎರಡು ಸಾಲು ಸೇರಿಸಿ ಎಂದು ಕೇಳುವಷ್ಟು ಬಾಯಿ ಇರಬೇಕು. ಕೇಳಿದರೆ ಒಪ್ಪುವ ಗಿರಾಕಿಗಳೂ ಇದ್ದಾರೆ. ಭಾರತದ ಕಾನೂನು ಅನ್ವಯವಾಗುವ ಕರಾರಾಗಿದ್ದು ಎಷ್ಟು ವರ್ಷಕ್ಕೆ, ಎಲ್ಲಿಗೆ ಎಂದು ಬರೆಯದಿದ್ದರಂತೂ ಸೆಕ್ಷನ್ 19ರ ಪ್ರಕಾರ ವರ್ಗಾವಣೆ ಐದು ವರ್ಷಕ್ಕೆ, ಭಾರತದೊಳಗೆ ಮಾತ್ರ! ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಬಳಸಲೆಂದು ಕೊಂಡವರಿಗೆ ಇದು ಗೊತ್ತಾದರೆ ಹೌಹಾರುತ್ತಾರೆ.

ಬರೆದವರು ಒಡೆತನ ಉಳಿಸಿಕೊಂಡರೆ ಲೋಕಕ್ಕೆ ದಕ್ಕುವುದಿಲ್ಲ ಎಂಬ ಹೆದರಿಕೆಗೂ ಕನ್ನಡದಲ್ಲೇ ಉತ್ತರವಿದೆ. ನಾವು ಇವತ್ತು ಕಂಪ್ಯೂಟರಿನಲ್ಲಿ ಕನ್ನಡ ಒತ್ತುವ ಕೀಲಿಮಣೆ ವಿನ್ಯಾಸ ಕಿನ್ನಿಕಂಬಳ ಪದ್ಮನಾಭ ರಾವ್ ಅವರದು. ಸರ್ಕಾರ ಅದನ್ನು ಶಿಷ್ಟ ವಿನ್ಯಾಸವಾಗಿ ತೆಗೆದುಕೊಂಡಿತು. ರಾಯರು ಅದಕ್ಕೆ ಕಾಸು ಕೇಳಲಿಲ್ಲ, ಎಲ್ಲರಿಗೂ ಬಿಟ್ಟುಕೊಟ್ಟರು. ಬಿಟ್ಟುಕೊಡಬೇಕಾದರೂ ಅದು ಮೊದಲು ಬಿಟ್ಟುಕೊಡುವವರದಾಗಿರಬೇಕು.

ಗಿರಾಕಿಗಾಗಿಯೇ ಹೇಳಿ ಮಾಡಿಸಿದ ಸಾಫ್ಟ್‌ವೇರಿನ ಸೋರ್ಸ್ ಕೋಡ್ ಗಿರಾಕಿಗೆ ಸಲ್ಲತಕ್ಕದ್ದು ಎಂಬ ಒಂದು ಸಾಲನ್ನು ಸಂಸತ್ತು ಸೆಕ್ಷನ್ 52ಕ್ಕೆ ಸೇರಿಸಿದರೆ ಈ ವ್ಯಾಜ್ಯಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದಿಲ್ಲ. ಒಡೆತನದ ಮಾತನ್ನು ಮುಟ್ಟುವ ಅಗತ್ಯವೂ ಬೀಳುವುದಿಲ್ಲ. ಸದ್ಯಕ್ಕೆ ಆ ಸಾಲು ಅಲ್ಲಿಲ್ಲ. ಆದ್ದರಿಂದ ಮುಂದಿನ ಕೊಯ್ಲಿನೊಳಗೆ ಸಾಫ್ಟ್‌ವೇರ್ ಮಾಡಿಸಬೇಕೆಂದಿರುವ ಖೇಣಿದಾರರು, ಮಂಡಿಯವರು, ಸಂಘದ ಕಾರ್ಯದರ್ಶಿಗಳು ಒಡೆತನ ಬೇಕೆಂದು ಹಟ ಹಿಡಿಯುವ ಬದಲು ಸೋರ್ಸ್ ಕೋಡ್‌ನ ಒಂದು ಪ್ರತಿ, ಅದನ್ನು ಯಾರಿಂದಲಾದರೂ ತಿದ್ದಿಸಿಕೊಳ್ಳುವ ಅನುಮತಿ, ಕೇಳಿದ ದಿನ ದತ್ತಾಂಶ ಪೂರ್ತಿ ಕೈಗೆ, ಇಷ್ಟನ್ನು ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಮಾಡಿಕೊಡುವವರು ಅದರ ಕೆಳಗೆ ಸಹಿ ಹಾಕಿದ ಮೇಲೆ ಮುಂಗಡ ಕೊಡಿ.